ನನ್ನ ಗಂಟಲಿನ ಕರೆಗಂಟೆ

ನಾನು ಈ ಜನ್ಮದಲ್ಲಿ ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ. ಹೆಮ್ಮೆಗಾಗಿ ಈ ಮಾತು ಹೇಳುತ್ತಿಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳುತ್ತಿದ್ದೇನೆ. ಬಾಗಿಲು ತಟ್ಟುವುದು, ಗುಂಡಿ ಒತ್ತುವುದು, ‘ಒಳಗೆ ಬರಬಹುದೇ’ ಎಂದು ಕತ್ತು ಚಾಚುವುದು, ಇವೆಲ್ಲ ಗಂಟಲು ಸರಿಯಿಲ್ಲದವರ ಕೆಲಸ ಎಂದು ನಂಬಿದ್ದ ಮನೆತನ ನಮ್ಮದು. ನಮ್ಮಲ್ಲಿ ಗಂಡಸರು ಎಲ್ಲಿಗೇ ಹೋಗಲಿ, ಹೊಸ್ತಿಲು ಇನ್ನೂ ನಾಲ್ಕು ಮಾರು ದೂರ ಇರುವಾಗಲೇ ‘ಅಹ್ಹಹ್ಹೆಂ’ ಎಂದು ಒಮ್ಮೆ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಅದರಲ್ಲೇ ಎಲ್ಲ ಬಂತು: ಬಂದವನು ಯಾರು, ಯಾವ ಮನಃಸ್ಥಿತಿಯಲ್ಲಿದ್ದಾನೆ, ಕಾಫಿ ಈಗಲೇ ಬೇಕೋ ಸ್ನಾನದ ನಂತರವೋ. ಮೈಸೂರಿನಲ್ಲಿ ನಮ್ಮ ತಾತ ಬೀದಿಯ ಮೂಲೆ ತಿರುಗುವಾಗ ಗಂಟಲು ಸರಿಪಡಿಸಿಕೊಂಡರೆ, ಜಗಲಿಯ ಮೇಲೆ ಕಾಲು ಚಾಚಿ ಕೂತ ಹೆಂಗಸರು ಒಳಗೆ ಹೋಗುತ್ತಿದ್ದರು, ಹುಡುಗರ ಮುಂದೆ ಪುಸ್ತಕಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು, ಎದುರು ಮನೆಯವರ ಹಸು ಕೂಡ ದಾರಿ ಬಿಡುತ್ತಿತ್ತು. ಓದಲು ಹೋದ ವಿದ್ಯಾರ್ಥಿನಿಲಯದಲ್ಲೂ ಅದೇ ಪಾಠ. ಬೆಳಗಿನ ಜಾವ ವಾರ್ಡನ್ನರು ಗಂಟೆ ಹೊಡೆಸುತ್ತಿದ್ದರು ನಿಜ, ಆದರೆ ಗಂಟೆಗೆ ಯಾರೂ ಏಳುತ್ತಿರಲಿಲ್ಲ. ಗಂಟೆಯ ಹಿಂದೆಯೇ ಅವರ ಗಂಟಲು ಬರುತ್ತಿತ್ತಲ್ಲ, ಅದಕ್ಕೆ ಏಳುತ್ತಿದ್ದೆವು. ಹಾಸಿಗೆ ಸುತ್ತುವುದು, ಸಾಲಾಗಿ ನಿಲ್ಲುವುದು, ತಟ್ಟೆಯನ್ನು ಅದರ ಜಾಗದಲ್ಲೇ ಇಡುವುದು ಎಲ್ಲವನ್ನೂ ನಾನು ಕಲಿತದ್ದು ಹೀಗೆ, ಕಿವಿಯ ಮೂಲಕ.

ಲಂಡನ್ನಿಗೆ ಬಂದ ಮೇಲೆ ಈ ವಿದ್ಯೆ ಅನ್ನ ಕೊಟ್ಟಿತು. ಪಾರ್ಕ್ ರಾಯಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಒಂದು ಕಡೆ ಒಲೆಗಳ ಗರ್ಜನೆ, ಇನ್ನೊಂದು ಕಡೆ ಬೆಲ್ಟಿನ ಕಟಕಟ, ನಡುವೆ ಹತ್ತು ದೇಶದ ಜನ ಹನ್ನೊಂದು ಭಾಷೆಯಲ್ಲಿ ಹರಟುವುದು. ಇಷ್ಟರ ಮೇಲೂ ಕೇಳಿಸುವಂತೆ ಒಂದು ‘ಅಹ್ಹಹ್ಹೆಂ’ ಹಾಕಿದೆನೆಂದರೆ ಬಿಸ್ಕತ್ತುಗಳೂ ಸಾಲು ಸರಿಮಾಡಿಕೊಳ್ಳುತ್ತಿದ್ದವು ಎಂದು ನನ್ನ ಜತೆಯವರು ಹೇಳುತ್ತಿದ್ದರು. ನಿವೃತ್ತನಾದ ಮೇಲೆ ಆ ಶಿಸ್ತನ್ನು ಪೂರ್ತಿಯಾಗಿ ಮನೆಗೆ ತಂದೆ. ಕೊಲಿಂಡೇಲ್ ಸ್ಟೇಷನ್ನಿಗೆ ಹತ್ತಿರದಲ್ಲಿ, ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳಲ್ಲಿ ಒಂದು ನಮ್ಮದು. ನಾನು, ಧಾರವಾಡದ ಹೆಣ್ಣುಮಗಳಾದ ನನ್ನ ಹೆಂಡತಿ ಶಾಂತಾ, ಇಲ್ಲೇ ಹುಟ್ಟಿ ಬೆಳೆದ ಮಗ ಸುಧೀರ, ಬೆಂಗಳೂರಿನಿಂದ ಬಂದ ಸೊಸೆ ವೀಣಾ, ಇಷ್ಟು ಜನ. ಬೆಳಗ್ಗೆ ಆರಕ್ಕೆ ಸರಿಯಾಗಿ ಬಚ್ಚಲಲ್ಲಿ ನನ್ನ ಗಂಟಲು ಮೊಳಗುತ್ತಿತ್ತು. ಆಮೇಲೆ ಮೆಟ್ಟಿಲ ಮೇಲೊಂದು, ಅಡುಗೆಮನೆಗೆ ಕಾಲಿಡುವ ಮುನ್ನ ಒಂದು, ಪೇಪರ್ ತೆಗೆದುಕೊಳ್ಳುವಾಗ ಒಂದು. ಮನೆಗೆ ಆನ್ಸರಿಂಗ್ ಮೆಷಿನ್ ತಂದಾಗ ಅದಕ್ಕೂ ನನ್ನದೇ ದನಿ ಕೊಟ್ಟೆ: “ಅಹ್ಹಹ್ಹೆಂ! ನಾವು ಮನೆಯಲ್ಲಿಲ್ಲ. ನಿಮ್ಮ ಹೆಸರು, ಕಾರಣ, ಫೋನ್ ನಂಬರು ಸ್ಪಷ್ಟವಾಗಿ ಹೇಳಿ. ಗೊಣಗಬೇಡಿ.” ಬಹಳಷ್ಟು ಜನ ಏನೂ ಹೇಳದೆ ಫೋನ್ ಇಟ್ಟುಬಿಡುತ್ತಿದ್ದರು. ಗೊಣಗುವವರೇ ಹೆಚ್ಚಿರುವ ಕಾಲ ಎಂದುಕೊಳ್ಳುತ್ತಿದ್ದೆ ನಾನು.

ಇಂಥ ಗಂಟಲು ಕೈಕೊಟ್ಟಿತು. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಅದಕ್ಕಿಂತ ಮುಖ್ಯವಾದ ಸುದ್ದಿ ಎಂದರೆ ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು. ಮೂರನೆಯ ತಿಂಗಳಲ್ಲಿ ನಾಮಕರಣ ಎಂದು ನಿಶ್ಚಯವಾಗಿತ್ತು. ನಮ್ಮ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರನ್ನು ಮೊದಲು ಹೇಳುವವನು ತಾತ. ಇದರಲ್ಲಿ ರಾಜಿಯಿಲ್ಲ. ಸುಧೀರ ಹುಟ್ಟಿದಾಗ ನಮ್ಮ ತಂದೆ ಮೈಸೂರಿನಿಂದ ಬರುವಂತಿರಲಿಲ್ಲ. ಆದರೂ ಬಿಡಲಿಲ್ಲ, ಟ್ರಂಕ್ ಕಾಲ್ ಬುಕ್ ಮಾಡಿದರು. ನಾವು ಇಲ್ಲಿ ಫೋನನ್ನು ಕೂಸಿನ ಕಿವಿಗೆ ಹಿಡಿದೆವು. ಅವರು ಅಲ್ಲಿಂದ ಒಂದು ಸಲ ಗಂಟಲು ಸರಿಪಡಿಸಿಕೊಂಡು ‘ಸುಧೀರಾ’ ಎಂದು ಕೂಗಿದ ರಭಸಕ್ಕೆ ಮಗು ಬೆಚ್ಚಿಬಿದ್ದು, ಆ ಸಂಜೆಯವರೆಗೆ ಅತ್ತಿತು. ಹೆಸರು ಮಾತ್ರ ಭದ್ರವಾಗಿ ಕೂತಿತು. ಈಗ ನನ್ನ ಸರದಿ. ಎಷ್ಟು ಉತ್ಸಾಹ ನನಗೆ! ಬಚ್ಚಲಲ್ಲಿ ಬಗೆಬಗೆಯ ಹೆಸರು ಕೂಗಿ ಅಭ್ಯಾಸ ಮಾಡುತ್ತಿದ್ದೆ. ಅಂಥ ಒಂದು ಬೆಳಗ್ಗೆ ‘ಅಹ್ಹಹ್ಹೆಂ’ ಎಂದರೆ ಬಂದದ್ದು ಎಣ್ಣೆ ಕಾಣದ ಗೇಟು ಕಿರಗುಟ್ಟುವ ಸದ್ದು. ಮತ್ತೊಮ್ಮೆ ಪ್ರಯತ್ನಿಸಿದೆ. ಗಾಳಿ ಬಂತು, ದನಿ ಬರಲಿಲ್ಲ.

ಶಾಂತಾ ಮೆಣಸಿನ ಕಷಾಯ ಕೊಟ್ಟಳು, ಅರಿಶಿನದ ಹಾಲು ಕೊಟ್ಟಳು, ಕೊನೆಗೆ “ಸ್ವಲ್ಪ ಬಾಯಿ ಮುಚ್ಚಿಕೊಂಡ್ ಕೂಡ್ರಿ, ಅದೇ ಔಷಧ” ಎಂಬ ಉಪದೇಶವನ್ನೂ ಕೊಟ್ಟಳು. ವಾರಗಳು ಕಳೆದರೂ ಗೇಟು ಕಿರಗುಟ್ಟುವುದು ನಿಲ್ಲಲಿಲ್ಲ. ನಮ್ಮ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಕೇಳಿದ ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಸರ್ಜನ್ ಆರಡಿ ಎತ್ತರದ ನಿಧಾನಸ್ಥ ಮನುಷ್ಯ. ದಾರದಂಥ ಒಂದು ಕೊಳವೆ, ಅದರ ತುದಿಗೆ ದೀಪ ಮತ್ತು ಕ್ಯಾಮೆರಾ. ಅದನ್ನು ಮೂಗಿನ ಹೊಳ್ಳೆಯಿಂದ ಇಳಿಸಿ, ಟೀವಿಯನ್ನು ನನ್ನ ಕಡೆ ತಿರುಗಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ರೆಪ್ಪೆ ಮಿಟುಕಿಸಲಿಲ್ಲ. ಅರವತ್ತು ವರ್ಷ ದುಡಿಸಿಕೊಂಡ ಯಂತ್ರವನ್ನು ಅಂದೇ ಮೊದಲು ನೋಡಿದ್ದು! ಎರಡು ಬಿಳಿಯ ಪಟ್ಟಿಗಳು, ಅವೇ ಧ್ವನಿತಂತುಗಳಂತೆ, ಉಸಿರೆಳೆದರೆ ತೆರೆಯುತ್ತಿದ್ದವು, ‘ಈ’ ಎಂದರೆ ಕೂಡಿಕೊಳ್ಳುತ್ತಿದ್ದವು. ಅವುಗಳ ಆಚೆ ಕತ್ತಲೆಯಲ್ಲಿ ಶ್ವಾಸನಾಳದ ಬಳೆಗಳು ಒಂದರ ಹಿಂದೊಂದು, ಟ್ಯೂಬ್ ರೈಲಿನ ಸುರಂಗದ ಹಾಗೆ. ಎಡಗಡೆಯ ಪಟ್ಟಿಯ ಅಂಚಿನಲ್ಲಿ ನೆನೆಸಿದ ಸಬ್ಬಕ್ಕಿ ಕಾಳಿನಂಥ ಒಂದು ಗುಳ್ಳೆ ಅಂಟಿಕೊಂಡಿತ್ತು. ಪಟ್ಟಿಗಳು ಕೂಡಿಕೊಳ್ಳಲು ಹೋದಾಗಲೆಲ್ಲ ಅದು ನಡುವೆ ಸಿಕ್ಕಿಕೊಳ್ಳುತ್ತಿತ್ತು. “ಅದನ್ನು ತೆಗೆದುಬಿಡೋಣ” ಎಂದರು ಸರ್ಜನ್. ಹೊರಗೆ ಗಾಯವಿಲ್ಲ, ಬಾಯಿಯ ಮೂಲಕವೇ ಸೂಕ್ಷ್ಮದರ್ಶಕ ಹಿಡಿದು ಮಾಡುವ ಕೆಲಸ. ನೋಡಿದರೆ ನಿರುಪದ್ರವಿ ಅನ್ನಿಸುತ್ತದೆ, ಆದರೂ ಪರೀಕ್ಷೆಗೆ ಕಳಿಸುತ್ತೇವೆ. ದನಿ ಬಹುಮಟ್ಟಿಗೆ ಮರಳುತ್ತದೆ, ಆದರೆ ಹಿಂದಿನ ದನಿಯೇ ಬರುತ್ತದೆಂದು ಮಾತು ಕೊಡಲಾರೆ. ಈ ಕೊನೆಯ ವಾಕ್ಯವನ್ನು ಅವರು ಬಹಳ ಮೆಲ್ಲಗೆ ಹೇಳಿದರು. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿತು.

ಅಂದು ಸಂಜೆ ಧಾರವಾಡದಿಂದ ಶಾಂತಾಳ ತಂಗಿ ಕಮಲ ಫೋನ್ ಮಾಡಿದಳು. ಸರ್ಜನ್ನರ ಹೆಸರು ಕೇಳಿ ಅವಳು ಕಿರುಚಿದ್ದು ನನಗೆ ಮಹಡಿಯವರೆಗೆ ಕೇಳಿಸಿತು.

“ಅಕ್ಕಾ, ಮಿಸ್ಟರ್ ಅಂದ್ರ? ಡಾಕ್ಟರೇ ಅಲ್ಲದವನ ಕೈಯಾಗ ಮಾವಾರ ಕುತ್ತಿಗಿ ಕೊಡ್ಲಿಕ್ಕತ್ತೀಯೇನ?”

“ಇಲ್ಲೆ ಆಪರೇಷನ್ ಮಾಡೋರಿಗೆ ಹಂಗ ಅಂತಾರ ಕಮಲಾ. ಭಾಳ ದೊಡ್ಡಾವರಾದ ಮ್ಯಾಲೆ ಡಾಕ್ಟರ್ ಅನ್ನೋದನ್ನ ಬಿಟ್ಟಬಿಡ್ತಾರ.”

“ಇನ್ನೂ ದೊಡ್ಡಾವರಾದ್ರ ಹೆಸರೂ ಬಿಡ್ತಾರೇನ? ಎಂಥಾ ದೇಶ ನಿಂದು!”

ಆಪರೇಷನ್ನಿಗೆ ದಿನ ಗೊತ್ತಾಗಿ ಬಂದಾಗ ನೋಡಿದರೆ ಅದು ನಾಮಕರಣದ ಭಾನುವಾರಕ್ಕೆ ಮುಂಚಿನ ಸೋಮವಾರ. ಆಮೇಲೆ ಆರು ದಿನ ತುಟಿ ಬಿಚ್ಚುವಂತಿಲ್ಲ. ಅಂದರೆ ನನ್ನ ಮೊದಲ ಮಾತು ಮೊಮ್ಮಗಳ ಹೆಸರೇ ಆಗಬೇಕು! ಇಂಥ ಅಚ್ಚುಕಟ್ಟಾದ ಹೊಂದಾಣಿಕೆ ಕಾರ್ಖಾನೆಯಲ್ಲಿ ನಾನೇ ಕೂತು ಮಾಡಿದ್ದರೂ ಆಗುತ್ತಿರಲಿಲ್ಲ ಎಂದು ಕುಣಿದಾಡಿದೆ. ಆ ಕುಣಿತಕ್ಕೆ ತಡೆ ಹಾಕಿದ್ದು ಹೆಲೆನ್ ಎಂಬ ಹುಡುಗಿ. ಅವಳು ದನಿಯ ಥೆರಪಿಸ್ಟ್, ಆಪರೇಷನ್ನಿಗೆ ಮುಂಚೆ ಒಮ್ಮೆ ಅವಳನ್ನು ಕಾಣಬೇಕಿತ್ತು. ನಾನು ಹೆಸರು, ವಿಳಾಸ, ಉದ್ಯೋಗ ಹೇಳುತ್ತಾ ಹೋದೆ. ಅವಳು ನನ್ನ ಮುಖ ನೋಡುತ್ತಾ ಒಂದೊಂದೇ ಬೆರಳು ಮಡಿಸುತ್ತಾ ಹೋದಳು. ಉದ್ಯೋಗಕ್ಕೆ ಬರುವ ಹೊತ್ತಿಗೆ ಎರಡು ಕೈಯ ಬೆರಳುಗಳೂ ಮುಗಿದಿದ್ದವು. ಏನಮ್ಮ ಲೆಕ್ಕ ಎಂದು ಕೇಳಿದೆ.

“ನೀವು ಗಂಟಲು ಸರಿಪಡಿಸಿಕೊಂಡಿದ್ದು” ಎಂದಳು. “ಈಗ ಕೇಳಿದಿರಲ್ಲ, ಅದಕ್ಕೂ ಮೊದಲು ಇನ್ನೊಂದು ಸಲ.”

ನಂತರ ಅವಳು ವಿವರಿಸಿದ್ದನ್ನು ಕೇಳಿ ನನ್ನ ವಂಶದ ಅಡಿಪಾಯವೇ ಅಲುಗಿತು. ಮಾತು ಅಷ್ಟು ಕೆಡುಕಲ್ಲವಂತೆ. ಗಂಟಲು ಸರಿಪಡಿಸಿಕೊಳ್ಳುವಾಗ ಆ ಎರಡು ಪಟ್ಟಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವಂತೆ, ಜೋರಾಗಿ ಚಪ್ಪಾಳೆ ತಟ್ಟಿದ ಹಾಗೆ. ದಿನವಿಡೀ, ವರ್ಷವಿಡೀ ಚಪ್ಪಾಳೆ ತಟ್ಟಿದರೆ ಅಂಗೈಗೆ ಗುಳ್ಳೆ ಬಾರದೆ ಇರುತ್ತದೆಯೇ? ಕಾರ್ಖಾನೆಯ ಕೂಗಾಟ ಒಂದು ಪಾಲು, ಉಳಿದದ್ದು ಇದೇ ಎಂದಳು. ನಾನು ಪಟ್ಟು ಬಿಡಲಿಲ್ಲ. ಇದು ಚಟವಲ್ಲ, ಮರ್ಯಾದೆ. ಮನೆಯಲ್ಲಿ ಸೊಸೆ ಇದ್ದಾಳೆ, ಗಂಡಸು ಸದ್ದು ಮಾಡದೆ ಒಳಗೆ ನುಗ್ಗಬಾರದು. ನಮ್ಮ ತಾತ, ಅವರ ತಂದೆ ಎಲ್ಲರೂ ಹೀಗೆಯೇ ಎಂದು ಅವಳಿಗೆ ತಿಳಿಹೇಳಿದೆ. ಆಕೆ ಗಂಭೀರವಾಗಿಯೇ ಕೇಳಿಸಿಕೊಂಡು, “ಬಾಗಿಲು ತಟ್ಟಬಹುದಲ್ಲ?” ಎಂದಳು. ನನ್ನದೇ ಮನೆಯ ಅಡುಗೆಮನೆಯ ಬಾಗಿಲನ್ನು ನಾನು ತಟ್ಟುವುದು! ಅವಳು ಹೇಳಿದ್ದಿಷ್ಟು: ಆಪರೇಷನ್ ಆದ ಮೇಲೆ ಮಾತಿಲ್ಲ, ಪಿಸುಮಾತಂತೂ ಇಲ್ಲವೇ ಇಲ್ಲ, ಅದು ಮಾತಿಗಿಂತ ಕೆಟ್ಟದ್ದು, ಗಂಟಲು ಕೆರೆದರೆ ಒಂದು ಗುಟುಕು ನೀರು, ನುಂಗು, ಅಷ್ಟೇ. ಆರು ದಿನದ ನಂತರ ಮೆತ್ತಗೆ ಶುರುಮಾಡುವಾಗ ಸ್ವರದಿಂದ ಆರಂಭವಾಗುವ ಪದ ಬೇಡ, ಅದು ಪಟ್ಟಿಗಳಿಗೆ ಬಡಿತ. ತುಟಿ ಮುಚ್ಚಿ ಗುನುಗುವಂತೆ ‘ಮ್’ ಎಂದು ಶುರುವಾಗುವ ಪದ ಒಳ್ಳೆಯದು.

ಈ ಕೊನೆಯ ಮಾತು ಕೇಳಿ ನನಗೆ ಮತ್ತೆ ಹುರುಪು ಬಂತು. ಮಗ ಸೊಸೆ ಕೂಸಿಗೆ ‘ಅನನ್ಯಾ’ ಎಂದು ಆರಿಸಿಟ್ಟಿದ್ದರು. ನನ್ನ ತಾಯಿಯ ಹೆಸರು ಮೀನಾಕ್ಷಿ. ಮನೆಗೆ ಬಂದವನೇ ಎಲ್ಲರನ್ನೂ ಕೂರಿಸಿ, ವೈದ್ಯಕೀಯ ಕಾರಣಗಳಿಂದ ಹೆಸರು ಬದಲಾಗಬೇಕೆಂದೂ, ‘ಮ’ದಿಂದಲೇ ಶುರುವಾಗಬೇಕೆಂದೂ, ಉದಾಹರಣೆಗೆ ಮೀನಾಕ್ಷಿ ಆಗಬಹುದೆಂದೂ ಕಿರಗುಟ್ಟುವ ದನಿಯಲ್ಲಿ ಪ್ರಕಟಿಸಿದೆ.

“ಹೆಲೆನ್‌ಗೆ ನಿಮ್ಮ ಅಮ್ಮನ ಹೆಸರು ಗೊತ್ತಾ ಮಾವ?” ಎಂದಳು ವೀಣಾ.

“ಡ್ಯಾಡ್, ದಿಸ್ ಈಸ್ ಬ್ಲ್ಯಾಕ್‌ಮೇಲ್” ಎಂದ ಸುಧೀರ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ವೀಣಾ ಒಂದು ದಿನ ಯೋಚಿಸಿ ಬಂದು, “ಮ ತಾನೆ ಬೇಕು? ಮೃದುಲಾ ಅಂತ ಇಡೋಣ. ಆ ಹೆಸರನ್ನ ಗಟ್ಟಿಯಾಗಿ ಕೂಗೋಕೆ ನಿಮಗೇ ನಾಚಿಕೆ ಆಗುತ್ತೆ” ಎಂದಳು. ಸೊಸೆಯ ಬುದ್ಧಿವಂತಿಕೆಗೆ ಒಳಗೇ ಬೀಗಿದರೂ ಹೊರಗೆ ಮುಖ ಗಂಟಿಕ್ಕಿಕೊಂಡು ಒಪ್ಪಿದೆ.

ಆಪರೇಷನ್ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚೇನಿಲ್ಲ, ನಾನು ಅಲ್ಲಿ ನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟಾಗ ಮೊದಲು ಉಕ್ಕಿ ಬಂದದ್ದು ಅದೇ ‘ಅಹ್ಹಹ್ಹೆಂ’. ಎದೆಯಿಂದ ಹೊರಟು ಅರ್ಧ ದಾರಿಗೆ ಬರುವಷ್ಟರಲ್ಲಿ ನರ್ಸ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಪಕ್ಕದಲ್ಲೇ ಇದ್ದ ಶಾಂತಾ, “ಮಾತಾಡಬ್ಯಾಡ್ರೀ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. ನಾನು ನುಂಗಿದೆ. ಸಂಜೆ ಮನೆಗೆ ಹೊರಡುವಾಗ ನನ್ನ ಕುತ್ತಿಗೆಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿ ಅವಳಿಗೆ ನಿರಾಸೆಯೇ ಆಯಿತು. “ಒಂದು ಪಟ್ಟೀನೂ ಇಲ್ಲಲ್ರೀ, ನೋಡ್ಲಿಕ್ಕೆ ಬಂದವ್ರಿಗೆ ಏನ್ ತೋರಸ್ಲಿ?” ಎಂದಳು. ಸಬ್ಬಕ್ಕಿ ಕಾಳು ನಿರುಪದ್ರವಿಯೇ ಎಂಬ ಸುದ್ದಿ ವಾರದ ನಡುವೆ ಫೋನಿನಲ್ಲಿ ಬಂತು. ವೀಣಾ ಅದನ್ನು ಕೇಳಿ ಬಂದು ಹೇಳಿದಾಗ ಶಾಂತಾ ದೇವರ ಮುಂದೆ ದೀಪ ಹಚ್ಚಿದಳು. ಉಳಿದದ್ದು ಒಂದೇ ಪ್ರಶ್ನೆ: ದನಿ ಇದೆಯೋ, ಹೋಯಿತೋ? ಬಾಯಿ ತೆರೆಯದೆ ಅದನ್ನು ತಿಳಿಯುವ ದಾರಿ ಇರಲಿಲ್ಲ.

ಮೌನದ ಮೊದಲ ದಿನವೇ ವ್ಯವಸ್ಥೆ ಮಾಡಿಕೊಂಡೆ. ಕೈಗೊಂದು ಸ್ಲೇಟು, ಮೆಟ್ಟಿಲ ಬುಡದಲ್ಲಿ ನೀರಿನ ಲೋಟ. ಬರುವುದನ್ನು ಸೂಚಿಸಲು ದೇವರ ಮುಂದಿನ ಗಂಟೆ ತೆಗೆದುಕೊಂಡೆ. ಒಂದು ಸಲ ಅಲ್ಲಾಡಿಸಿದ್ದೇ ತಡ, “ಮಂಗಳಾರತಿ ಯಾರಿಗ್ರೀ, ನಿಮಗೇನ?” ಎನ್ನುತ್ತಾ ಶಾಂತಾ ಕಿತ್ತುಕೊಂಡಳು. ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು: ನಾನು ಬರುವುದು ಕಂಡರೆ ನನ್ನ ಮುಂದೆ ನಡೆದು, ನನ್ನ ಪರವಾಗಿ ಅವಳೇ ಗಂಟಲು ಸರಿಪಡಿಸುವುದು. “ಅಹ್ಹೆಂ! ಬರ್ಲಿಕ್ಕತ್ತಾರ!” ಎಂದು ಬಾಗಿಲಲ್ಲಿ ಅವಳು ಘೋಷಿಸಿ ಸರಿದರೆ ಹಿಂದೆಯೇ ನಾನು ಸ್ಲೇಟು ಹಿಡಿದು ಪ್ರವೇಶಿಸಬೇಕು. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ನಾನು ಬರದಿದ್ದಾಗಲೂ ಆಗಾಗ ಮಾಡಿ ನೋಡತೊಡಗಿದಳು. ಆದರೆ ಅವಳು ಎಷ್ಟು ಹೊತ್ತು ನನ್ನ ಮುಂದೆ ನಡೆಯುತ್ತಾಳೆ? ಉಳಿದ ಹೊತ್ತು ನಾನು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡಿದೆ. ಅಡುಗೆಮನೆಗೆ ಹೋದರೆ ಸೊಸೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಪೊಟ್ಟಣದಿಂದಲೇ ಆಲೂಗಡ್ಡೆಯ ಕ್ರಿಸ್ಪ್ಸ್ ತಿನ್ನುತ್ತಿದ್ದಾಳೆ. ಮುಂದಿನ ಕೋಣೆಗೆ ಹೋದರೆ ನನ್ನ ಕುರ್ಚಿಯಲ್ಲಿ ಮಗ ಬೂಟು ಹಾಕಿದ ಕಾಲನ್ನು ಟೀಪಾಯಿಯ ಮೇಲೆ ಚಾಚಿದ್ದಾನೆ. ಹಿತ್ತಲಿಗೆ ಹೋದರೆ ಶಾಂತಾ ಫೋನಿನಲ್ಲಿ, “ಕಮಲಾ, ಏನ್ ಹೇಳ್ಲೇ, ಮನಿ ಭಾಳ ಶಾಂತ ಆಗೇದ” ಎನ್ನುತ್ತಿದ್ದಾಳೆ. ನನ್ನನ್ನು ಕಂಡು ಎಲ್ಲರೂ ಹೌಹಾರಿದರು, ನಾನು ಅವರಿಗಿಂತ ಹೆಚ್ಚು ಹೌಹಾರಿದೆ. ಗೋಡೆಯಾಚೆಯ ಐರಿಷ್ ಹೆಂಗಸು ಮೊರೀನ್ ಬೇಲಿಯ ಹತ್ತಿರ ಬಂದು ಶಾಂತಾಳನ್ನು ಕೇಳಿದಳಂತೆ, ನಿನ್ನ ಗಂಡ ಕ್ಷೇಮವೇ, ಬೆಳಗ್ಗೆ ಆರರ ಸದ್ದು ಕೇಳುತ್ತಿಲ್ಲ, ಈ ವಾರ ದಿನಾ ಕೆಲಸಕ್ಕೆ ತಡವಾಗುತ್ತಿದೆ ಎಂದು. ಆಕೆ ಮನೆಯಲ್ಲಿ ಅಲಾರಂ ಗಡಿಯಾರವನ್ನೇ ಇಟ್ಟುಕೊಂಡಿರಲಿಲ್ಲ!

ಶುಕ್ರವಾರ ಸಂಜೆ ಮೆಟ್ಟಿಲಿಳಿದು ಬಂದೆ. ಮುಂದಿನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಮೂವರೂ ಇದ್ದರು, ವೀಣಾಳ ಮಡಿಲಲ್ಲಿ ಕೂಸು. ನನ್ನ ವಿಷಯ ಕಿವಿಗೆ ಬಿದ್ದು ಹೊಸ್ತಿಲಲ್ಲೇ ನಿಂತೆ.

“ನಾಮಕರಣ ಮುಂದ ಹಾಕೋದ ಪಾಡ” ಎನ್ನುತ್ತಿದ್ದಳು ಶಾಂತಾ. “ಎಲ್ಲಾರ ಮುಂದ ಬಾಯಿ ತೆರದು ದನಿನೇ ಬರ್ಲಿಲ್ಲ ಅಂದ್ರ, ಅವ್ರಿಗೆ ಎಷ್ಟ್ ಸಂಕಟ ಆಗ್ತದ? ಆ ಮನಷ್ಯಾಗ ದನಿ ಅಂದ್ರ ಜೀವ.”

“ಭಟ್ರಿಗೆ ಇನ್ನೆರಡು ತಿಂಗಳು ಬೇರೆ ಭಾನುವಾರ ಇಲ್ವಂತೆ ಅತ್ತೆ, ಕೇಳ್ದೆ” ಎಂದಳು ವೀಣಾ. ಭಟ್ಟರೆಂದರೆ ಉಡುಪಿ ಕಡೆಯವರು, ವಾರವಿಡೀ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ, ಭಾನುವಾರ ಮಾತ್ರ ಪೌರೋಹಿತ್ಯ. “ಆದ್ರೂ ಪರವಾಗಿಲ್ಲ, ಎರಡು ತಿಂಗಳು ಕಾಯೋಣ. ಮಾವನೇ ಹೇಳ್ಬೇಕು. ಅವರು ಹೇಳ್ದೆ ನನ್ ಮಗಳಿಗೆ ಹೆಸರಿಡೋದು ಬೇಡ.”

ಯಾವ ಕಾರ್ಯಕ್ರಮವನ್ನೂ ಐದು ನಿಮಿಷ ತಡಮಾಡಲು ಬಿಡದ ನನಗೋಸ್ಕರ ಇಡೀ ನಾಮಕರಣವನ್ನೇ ಮುಂದೂಡಲು ಹೊರಟಿದ್ದರು! ಏನಾದರೂ ಹೇಳಬೇಕೆನಿಸಿತು. ಬಾಯಿಲ್ಲ. ಇದ್ದೇನೆಂದು ಸೂಚಿಸೋಣವೆಂದರೆ ಗಂಟಲೂ ಇಲ್ಲ. ಹಿಂದೆ ಹೋಗಿ ಧಬಧಬ ಮೆಟ್ಟಿಲಿಳಿದು ಬರೋಣವೇ ಎಂದು ಯೋಚಿಸುತ್ತಿರುವಾಗ ಸುಧೀರ ಎದ್ದ.

“ವಿ ಹ್ಯಾವ್ ಹಿಸ್ ವಾಯ್ಸ್” ಎನ್ನುತ್ತಾ ಆನ್ಸರಿಂಗ್ ಮೆಷಿನ್ ಬಳಿ ಹೋದ. “ಇಫ್ ಇಟ್ ಕಮ್ಸ್ ಟು ಇಟ್... ವಿ ಕ್ಯಾನ್ ಪ್ಲೇ ದಿಸ್. ತಾತ ಡಿಡ್ ಇಟ್ ಬೈ ಫೋನ್, ಡಿಡ್ನ್ಟ್ ಹೀ?”

“ಹೆಸರಿನ ಬದಲು ‘ಗೊಣಗಬೇಡಿ’ ಅಂತ ಕೂಸಿನ ಕಿವ್ಯಾಗ ಹೇಳ್ತದೇನ ಅದು?” ಎಂದಳು ಶಾಂತಾ. ಅಷ್ಟರಲ್ಲಿ ಅವನು ಗುಂಡಿ ಒತ್ತಿಬಿಟ್ಟಿದ್ದ.

“ಅಹ್ಹಹ್ಹೆಂ!” ಎಂದಿತು ಯಂತ್ರ.

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ಯಂತ್ರವೆಂದು ಗೊತ್ತಿದ್ದೂ ಸೊಸೆ ಕಾಲು ಕೆಳಗಿಳಿಸಿ ನೆಟ್ಟಗೆ ಕೂತಳು. ಗುಂಡಿ ಒತ್ತಿದ ಮಗನೇ ಇನ್ನೊಂದು ಕೈಯಿಂದ ಟೀವಿ ಆರಿಸಿದ. ಶಾಂತಾ ಸೆರಗು ಎಳೆದುಕೊಂಡು, ಟೀಪಾಯಿಯ ಮೇಲಿದ್ದ ಕ್ರಿಸ್ಪ್ಸ್ ಪೊಟ್ಟಣವನ್ನು ದಿಂಬಿನ ಹಿಂದೆ ತುರುಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಣೆ ಓರಣವಾಯಿತು. ಆಗ ನನಗೆ ತಿಳಿಯಿತು. ನಾನು ಇಷ್ಟು ವರ್ಷ ನೋಡಿದ್ದು ಈ ಎರಡನೆಯ ಕೋಣೆಯನ್ನು ಮಾತ್ರ. ನಮ್ಮ ಮನೆ ಎಷ್ಟು ಅಚ್ಚುಕಟ್ಟು ಎಂದು ಕನ್ನಡ ಬಳಗದವರ ಮುಂದೆ ಹೇಳಿಕೊಂಡು ತಿರುಗಿದ್ದೆನಲ್ಲ, ಆ ಅಚ್ಚುಕಟ್ಟಿನ ಆಯುಷ್ಯ ನನ್ನ ಗಂಟಲಿಗೂ ಹೊಸ್ತಿಲಿಗೂ ನಡುವಿನ ನಾಲ್ಕು ಮಾರು! ಮೊದಲನೆಯ ಕೋಣೆ, ಅಂದರೆ ಇವರು ಕಾಲು ಚಾಚಿ, ಕರುಮುರು ತಿಂದು, ನನ್ನ ಬಗ್ಗೆ ಮರುಗುವ ಕೋಣೆ, ನಾನು ಕಾಲಿಡದ ದೇಶ. ತಾತ ಕೂಡ ಪಾಪ, ಕಾಲು ಚಾಚಿದ ಜಗಲಿಯನ್ನು ಒಮ್ಮೆಯೂ ನೋಡದೆಯೇ ಹೋದರು.

ಒಂದು ಜೀವ ಮಾತ್ರ ಗಾಬರಿಯಾಗಲಿಲ್ಲ. ಅರೆನಿದ್ದೆಯಲ್ಲಿದ್ದ ಕೂಸು ಕಣ್ಣು ಬಿಟ್ಟಿತು. ಯಂತ್ರ “ಸ್ಪಷ್ಟವಾಗಿ ಹೇಳಿ” ಎನ್ನುತ್ತಿದ್ದರೆ ಅದು ಯಂತ್ರದ ಕಡೆ ನೋಡಲೇ ಇಲ್ಲ. ಕತ್ತು ಹೊರಳಿಸಿ, ನಾನು ದಿನಾ ಬರುವ ಬಾಗಿಲ ಕಡೆ ಹುಡುಕಿತು. ಅಲ್ಲಿ ನಾನು ಇದ್ದೆ. ಬೊಚ್ಚು ಬಾಯಿ ತೆರೆದು ನಕ್ಕಿತು. ಅದರ ನೋಟ ಹಿಡಿದು ಎಲ್ಲರೂ ತಿರುಗಿದರು.

“ಅಯ್ಯ! ಯಾವಾಗಿಂದ ನಿಂತೀರಿ?” ಎಂದಳು ಶಾಂತಾ.

ನಾನು ಸ್ಲೇಟಿನ ಮೇಲೆ ‘ಭಾನುವಾರವೇ’ ಎಂದು ಬರೆದು ಎತ್ತಿ ತೋರಿಸಿದೆ. ಆಮೇಲೆ ದಿಂಬಿನ ಹಿಂದಿನಿಂದ ಪೊಟ್ಟಣ ತೆಗೆದು, ಸೊಸೆಯ ಪಕ್ಕ ಕೂತು, ಒಂದು ಕ್ರಿಸ್ಪ್ ಬಾಯಿಗೆ ಹಾಕಿಕೊಳ್ಳಲು ಹೋದೆ. “ಮಾವ, ಉಪ್ಪು ಖಾರ ಗಂಟಲಿಗೆ ಆಗಲ್ಲ” ಎಂದು ವೀಣಾ ಕಿತ್ತುಕೊಂಡು ತಾನೇ ತಿಂದಳು. ನನ್ನ ಎದುರೇ, ಕಾಲು ಮಡಿಸಿ ಮೇಲಿಟ್ಟುಕೊಂಡು.

ಭಾನುವಾರ ಮನೆ ತುಂಬಿತು. ಮೈಸೂರಿನವರು, ಧಾರವಾಡದವರು, ಕುಂದಾಪುರದವರು, ಜತೆಗೆ ಮೊರೀನ್ ಕೂಡ ಹಸಿರು ಟೋಪಿ ಹಾಕಿಕೊಂಡು ಬಂದಿದ್ದಳು. ಭಟ್ಟರು ಗಡಿಯಾರ ನೋಡಿ, “ಹ್ಞಾಂ, ಮುಹೂರ್ತ ಬಂತು. ಅಜ್ಜಯ್ಯ, ಕಿವಿಯಲ್ಲಿ ಹೇಳಿ” ಎಂದರು. ಕೂಸನ್ನು ನನ್ನ ತೋಳಿಗಿಟ್ಟರು. ನೀವೇ ಹೇಳಿ, ಇಂಥ ದೊಡ್ಡ ಮಾತು ಆಡುವ ಮುನ್ನ ಮನುಷ್ಯ ಮೊದಲು ಏನು ಮಾಡುತ್ತಾನೆ? ನನಗೆ ಗೊತ್ತಿಲ್ಲದಂತೆ ಬೆನ್ನು ನೆಟ್ಟಗಾಯಿತು, ಎದೆ ಉಬ್ಬಿತು, ಗಲ್ಲ ಮೇಲೆದ್ದಿತು.

“ಬ್ಯಾಡ್ರೀ!” “ಮಾವಾ!” “ಡ್ಯಾಡ್, ನೋ!” ಮೂರು ಕಡೆಯಿಂದ ಮೂರು ಕೂಗು. ಮಂತ್ರ ತಪ್ಪಿತೆಂದು ಭಟ್ಟರು ಗಾಬರಿಯಾದರು. ಶಾಂತಾ ಪಂಚಪಾತ್ರೆಯ ನೀರನ್ನೇ ಉದ್ಧರಣೆಯಲ್ಲಿ ಎತ್ತಿ ನನ್ನ ಬಾಯಿಗೆ ಸುರಿದಳು. ನುಂಗಿದೆ. ವಂಶಪಾರಂಪರ್ಯವಾಗಿ ಬಂದ ಆ ‘ಅಹ್ಹಹ್ಹೆಂ’ ನೀರಿನ ಜತೆ ಹೊಟ್ಟೆಗೆ ಇಳಿದುಹೋಯಿತು. ತುಟಿ ಮುಚ್ಚಿ, ಹೆಲೆನ್ ಹೇಳಿದ ಹಾಗೆ, ‘ಮ್’ ಎಂದು ಗುನುಗಿದೆ. ಒಳಗೆ ಏನೋ ಕಂಪಿಸಿತು. ಇತ್ತು! ಗುನುಗನ್ನು ಹಾಗೆಯೇ ತೆರೆದೆ. “ಮೃದುಲಾ.” ಯಾರದೋ ದನಿ ಅದು, ನನ್ನದಲ್ಲ, ತೆಳುವಾಗಿ, ಸ್ವಚ್ಛವಾಗಿ, ನಿದ್ದೆಯಿಂದ ಈಗಷ್ಟೇ ಎದ್ದಂತೆ ಇತ್ತು. ಎರಡನೆಯ ಸಲ, ಮೂರನೆಯ ಸಲ ಹೇಳಿದೆ. ಕೂಸು ಅಳಲಿಲ್ಲ. ನನ್ನ ಗಲ್ಲಕ್ಕೆ ಮೂಗು ಉಜ್ಜಿ, ಕಣ್ಣು ಮುಚ್ಚಿತು.

ಹಿಂದಿನ ಸಾಲಿನಿಂದ ಕುಂದಾಪುರದವರೊಬ್ಬರು ಕೂಗಿದರು: “ಎಂತ ಹೆಸ್ರು ಮಾರಾಯ್ರೆ? ಕೇಂಬುದಿಲ್ಲೆ! ಸ್ವಲ್ಪ ಗಟ್ಟಿ ಹೇಳಿನಿ!”

ನನಗೆ ಹೀಗೆ ಹೇಳಿದವರು ಹುಟ್ಟಿದಾರಭ್ಯ ಅವರೇ ಮೊದಲಿಗರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಹೆಸರನ್ನು ಎಲ್ಲರಿಗೂ ಕೇಳುವಂತೆ ಅವಳೇ ಕೂಗಿದಳು, ಅದಕ್ಕೆ ಮುಂಚೆ ಒಮ್ಮೆ ಗಂಟಲು ಸರಿಪಡಿಸಿಕೊಂಡು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ನನ್ನ ದನಿ ಮರಳಿತು, ಗಾತ್ರದಲ್ಲಿ ಅರ್ಧವಾಗಿ. ಗಂಟಲು ಸರಿಪಡಿಸಿಕೊಳ್ಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅದರ ಬದಲು ಹೆಲೆನ್ ಕೊಟ್ಟ ವ್ಯಾಯಾಮ ತಪ್ಪದೆ ಮಾಡುತ್ತೇನೆ: ಕುದುರೆಯ ಹಾಗೆ ತುಟಿ ಬಡಿಸಿ ‘ಬುರ್ರ್’ ಎನ್ನುವುದು, ನೀರಿನ ಲೋಟಕ್ಕೆ ಸ್ಟ್ರಾ ಇಟ್ಟು ಗುಳುಗುಳು ಊದುವುದು. ವಯಸ್ಸಾದ ಗೌರವಸ್ಥ ಗಂಡಸು ನಾಲ್ಕು ಜನರ ಮುಂದೆ ಮಾಡುವ ಕೆಲಸವಲ್ಲ ಅದು. ಹಾಗಾಗಿ ಬಾಗಿಲು ಮುಚ್ಚಿಕೊಂಡು ಮಾಡುತ್ತೇನೆ. ಒಮ್ಮೆ ಸುಧೀರ ಸದ್ದಿಲ್ಲದೆ ನುಗ್ಗಿ, ನಾನು ಕುದುರೆಯಾಗಿದ್ದನ್ನು ನೋಡಿ, ವಾರವಿಡೀ ನಕ್ಕ. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ನಿಯಮ ಬಂದಿದೆ: ನನ್ನ ಕೋಣೆಗೆ ಬರುವವರು ನಾಲ್ಕು ಮಾರು ದೂರದಿಂದಲೇ ಸೂಚನೆ ಕೊಡಬೇಕು. ಶಾಂತಾ ಕೊಡುತ್ತಾಳೆ, ಅವಳಿಗೆ ಆಗಲೇ ರೂಢಿಯಾಗಿತ್ತು. ಅಜ್ಜಿಯ ಸೆರಗು ಹಿಡಿದು ಓಡಾಡುವ ಮೃದುಲಾ ಅದನ್ನು ಅವಳಿಂದಲೇ ಕಲಿತಿದ್ದಾಳೆ. ನನ್ನಿಂದ ಕಲಿತಳೆಂದು ಮನೆಯವರ ಆರೋಪ. ಆ ಹುಡುಗಿಗೆ ನೆನಪು ಬಂದಮೇಲೆ ನಾನು ಒಮ್ಮೆಯೂ ಮಾಡಿಲ್ಲವೆಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಬೆಳಗ್ಗೆ ಆರಕ್ಕೆ ಸರಿಯಾಗಿ ನಮ್ಮ ಬಾಗಿಲ ಹೊರಗೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಪುಟ್ಟ ಗಂಟಲಿನಿಂದ “ಅಹ್ಹಹ್ಹೆಂ!” ಎನ್ನುತ್ತಾಳೆ. ನಾನು ಧಡಕ್ಕನೆ ಎದ್ದು, ಹೊದಿಕೆ ಮಡಿಸಿ, ನೆಟ್ಟಗೆ ಕೂರುತ್ತೇನೆ. ಆಮೇಲಷ್ಟೇ ಅವಳು ಒಳಗೆ ಬಂದು ಕೋಣೆಯನ್ನೆಲ್ಲ ಒಮ್ಮೆ ನೋಡಿ, ಸಮಾಧಾನಪಟ್ಟು, ಹಾಸಿಗೆ ಹತ್ತುತ್ತಾಳೆ.

ಮೊನ್ನೆ ಬೇಲಿಯಾಚೆಯಿಂದ ಮೊರೀನ್ ಕೈಬೀಸಿದಳು. ಈಗ ಮತ್ತೆ ಆರರ ಸದ್ದಿಗೆ ಎದ್ದು ಕೆಲಸಕ್ಕೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದಾಳಂತೆ. “ನಿಮ್ಮ ಆಪರೇಷನ್ ಎಷ್ಟು ಚೆನ್ನಾಗಿ ಆಗಿದೆ! ಗಂಟಲಿಗೆ ಅರವತ್ತು ವರ್ಷ ಕಡಿಮೆಯಾದ ಹಾಗಿದೆ” ಎಂದಳು. ನಿಜ ಹೇಳೋಣವೆಂದು ಬಾಯಿ ತೆರೆದೆ. ಅಭ್ಯಾಸಬಲದಿಂದ ಎದೆಯಲ್ಲಿ ಏನೋ ಎದ್ದಿತು. ಕೈಯಲ್ಲಿದ್ದ ಲೋಟದಿಂದ ಒಂದು ಗುಟುಕು ನೀರು ಕುಡಿದೆ. ನಿಜವೂ ಅದರ ಜತೆ ಇಳಿದುಹೋಯಿತು.